ಗೌರವ್ವ ಬೀಗರ ಮನೆಯಲ್ಲಿ ಕೂತ ಆರು ತಿಂಗಳು

ಕರಿ ಕೋಟು ಬಿಚ್ಚಿ ಕಪಾಟಿನಲ್ಲಿಟ್ಟು ಕೆಲವು ವರ್ಷಗಳಾದವು. ಆದರೂ ಹೊಸದಾಗಿ ಸನ್ನದು ಪಡೆದ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ, ಅವಲಕ್ಕಿ ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ, ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ವಕೀಲಬಾಯಾರ, ಡೈವೋರ್ಸ್ ಕೇಸಿಗೆ ಎಷ್ಟು ದಿನಾ ಹಿಡಿತೈತಿ ಅಂತ ಪಾರ್ಟಿಗೆ ಹೇಳಬೇಕ್ರಿ?"

ಹೇಳಬೇಡಿ. ಇದೇ ನನ್ನ ಮೊದಲ ಬುದ್ಧಿಮಾತು. ತಿಂಗಳ ಲೆಕ್ಕ ಹೇಳಿದಿರೋ, ಸಿಕ್ಕಿಬಿದ್ದಿರಿ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಹಿಡಿದು ನಿಲ್ಲಿಸಿ ಕೇಳುತ್ತಾರೆ: "ಬಾಯಾರ, ದೀಪಾವಳಿಗೆ ಮುಗಿತೈತಿ ಅಂದಿದ್ರಿ, ಯುಗಾದಿ ಬಂತಲ್ರಿ?" ಆಗ ಬಾಯಿಗಿಟ್ಟ ಹೋಳಿಗೆ ಗಂಟಲಲ್ಲೇ ನಿಲ್ಲುತ್ತದೆ. ನನಗೆ ನಿಂತಿದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಕೆಲಸಕ್ಕೆ ಇಳಿದಾಗ ನಮ್ಮ ಕಡೆ ಹೆಣ್ಣು ವಕೀಲರು ಅಪರೂಪ. ಮನೆ ಬೈಲಹೊಂಗಲದಲ್ಲಿ. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆಯಿತು. ಹೊಲ, ಮನೆ, ಆಸ್ತಿ ಪಾಲಿನ ಕೇಸುಗಳೆಲ್ಲ ಗಂಡಸರಿಗೆ ಹೋಗುತ್ತಿದ್ದವು. ಗಂಡ ಹೆಂಡಿರ ಜಗಳಗಳು ಮಾತ್ರ "ಇದು ಹೆಣ್ಣಮಕ್ಕಳ ವಿಷಯ, ಬಾಯಾರ ಕಡೆ ಹೋಗ್ರಿ" ಎಂದು ನನ್ನ ಮೇಜಿಗೆ ಬರುತ್ತಿದ್ದವು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ನಾನೇನು ಕಾನೂನು ಓದಿದ್ದು ಹಾಡು ಹಸೆಗೋ ಎಂದು ಸೀನಿಯರ್ ಎದುರು ಕೂಗಾಡಿದ್ದೂ ಉಂಟು.

ನನ್ನ ಸೀನಿಯರ್ ರಾಯರು ನಶ್ಯ ಏರಿಸುತ್ತ ಎಲ್ಲ ಕೇಳಿಸಿಕೊಳ್ಳುವ ಮನುಷ್ಯ. ವಿಚ್ಛೇದನಕ್ಕೆ ಬಂದ ಹೆಣ್ಣುಮಗಳಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು. "ನಿನ್ನ ಗಂಡನ ಮನಿ ಬಾಗಲಾ ಯಾವ ದಿಕ್ಕಿಗೈತೆವಾ? ಬಾಜೂಕ ಏನೈತಿ, ಗಿರಣಿಯೋ ಗುಡಿಯೋ?" ಇವರಿಗೆ ವಾಸ್ತುವಿನ ಹುಚ್ಚು ಎಂದುಕೊಂಡಿದ್ದೆ. ತೊರಗಲ್ಲು ಎಂಬ ಊರಿನ ಕೇಸು ಬಂದ ಮೇಲೆ ತಿಳಿಯಿತು.

ಆ ಸಲ ರಾಯರು ಊರಲ್ಲಿರಲಿಲ್ಲ. ನಮ್ಮ ಗುಮಾಸ್ತ ವಿಳಾಸದಲ್ಲಿ ಗಂಡನ ಹೆಸರು, ಅಡ್ಡಹೆಸರು, ಊರು ಇಷ್ಟೇ ಬರೆದು ಕಳಿಸಿದ. ಅದೇ ಹೆಸರು, ಅದೇ ಅಡ್ಡಹೆಸರಿನ ಇನ್ನೊಬ್ಬ ಆ ಊರಲ್ಲಿದ್ದ, ಇನ್ನೂ ಮದುವೆಯಾಗದವನು. ಕೋರ್ಟಿನ ಬೇಲಿಫ್ ಹೋದಾಗ ಆ ಮನೆಯವರು ಪೇಟೆಗೆ ಹೋಗಿದ್ದರು. ಅವನು ನೋಟೀಸನ್ನು ಬಾಗಿಲಿಗೆ ಅಂಟಿಸಿ ಬಂದ. ಅದೇ ಹೊತ್ತಿಗೆ ಹುಡುಗನ ಮನೆ ನೋಡಲು ಬೀಗರಾಗುವವರು ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದಿಳಿದರು. ಬಾಗಿಲಲ್ಲಿ ವಿಚ್ಛೇದನದ ನೋಟೀಸು! ಓದಿದರು, ಹಾಗೇ ಟ್ರ್ಯಾಕ್ಸ್ ತಿರುಗಿಸಿದರು. ಮರುದಿನ ಹುಡುಗನ ಅಪ್ಪ ನಮ್ಮ ಆಫೀಸಿಗೆ ಬಂದು ಎತ್ತಿದ ದನಿಗೆ ಎದುರಿನ ಅಂಗಡಿಯವರೆಲ್ಲ ಎದ್ದು ನಿಂತಿದ್ದರು. "ನನ್ನ ಮಗಗ ಇನ್ನೂ ಲಗ್ನಾನಽ ಆಗಿಲ್ಲ, ನೀವು ಬಿಡಸಾಕ ಹತ್ತೀರೇನು?" ಅವರನ್ನು ಸಮಾಧಾನ ಮಾಡಿ, ಕೋರ್ಟಿಗೆ ತಿಳಿಸಿ, ಖರೆ ಗಂಡನಿಗೆ ಮತ್ತೆ ನೋಟೀಸು ಕಳಿಸುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಬಾಗಿಲು ಯಾವ ದಿಕ್ಕಿಗೆ ಎಂದು ಅಂದಿನಿಂದ ನಾನೂ ಕೇಳತೊಡಗಿದೆ. ಎದುರಿನವನ ಕೈಗೆ ನೋಟೀಸು ಮುಟ್ಟುವವರೆಗೆ ಕೇಸು ಶುರುವೇ ಆಗಿಲ್ಲ ಎಂದು ತಿಳಿಯಿರಿ.

ಇನ್ನು ಸೋಡಚೀಟಿ. ಬಾಂಡ್ ಪೇಪರಿನ ಮೇಲೆ 'ನಾವು ಒಬ್ಬರಿಗೊಬ್ಬರು ಬಿಟ್ಟಿದ್ದೇವೆ' ಎಂದು ಬರೆಸಿ, ಹಿರಿಯರ ಸಹಿ ಹಾಕಿಸಿದರೆ ಬಿಡುಗಡೆಯಾಯಿತು ಎಂದು ನಂಬಿದವರು ನಮ್ಮ ಕಡೆ ಲೆಕ್ಕವಿಲ್ಲದಷ್ಟು. ಅದನ್ನು ನಂಬಿ ಎರಡನೆಯ ಲಗ್ನ ಮಾಡಿಕೊಂಡು, ಮಗು ಆದ ಮೇಲೆ ನನ್ನ ಬಳಿ ಬಂದವರಿದ್ದಾರೆ. ಅದರಿಂದ ಕೋರ್ಟಿನ ಕೆಲಸ ಕಡಿಮೆಯಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಅದಲ್ಲದೆ ನ್ಯಾಯಾಧೀಶರ ವರ್ಗಾವಣೆ, ಹೊಸಬರು ಬರುವವರೆಗೆ ಖಾಲಿ ಕುರ್ಚಿ, ಬೇಸಿಗೆ ರಜೆ, ಸಾಕ್ಷಿದಾರನ ಕಬ್ಬು ಕಡಿಯುವ ಪಾಳಿ, ಎಲ್ಲವೂ ತಾರೀಖನ್ನು ತಿನ್ನುತ್ತವೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಇನ್ನು ಎಲ್ಲ ಝಟ್‌ಪಟ್ ಎಂದರು. ಮುಂದಿನ ತಾರೀಖು ಯಾವಾಗ ಎಂಬುದು ಝಟ್‌ಪಟ್ ತಿಳಿಯತೊಡಗಿತು, ಅಷ್ಟೇ.

ಆದರೆ ಇವೆಲ್ಲ ಯಾರು ಬೇಕಾದರೂ ಹೇಳುವ ಕಾರಣಗಳು. ಒಂದು ಕೇಸಿನಲ್ಲಿ ಮಾತ್ರ ತಡವಾಗಲು ಇದ್ದ ಕಾರಣ ನಾನು ಎಲ್ಲೂ ಓದಿರಲಿಲ್ಲ. ಆ ಕೋರ್ಟು ಯಾವ ಊರಿನದೆಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದದ್ದೇ.

ಸುನಂದಾ ನೇಸರಗಿಯ ಮಗಳು, ಮುರಗೋಡಕ್ಕೆ ಕೊಟ್ಟಿದ್ದರು. ಗಂಡ ಮಲ್ಲೇಶಿ ಬೆಳಗಾವಿಯಲ್ಲಿ ನೀರೆತ್ತುವ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡು ಅಲ್ಲೇ ಉಳಿದುಬಿಟ್ಟಿದ್ದ. ಅಲ್ಲಿ ಬೇರೊಬ್ಬಳಿದ್ದಾಳೆಂದು ಊರೆಲ್ಲ ಹೇಳುತ್ತಿತ್ತು, ಕೋರ್ಟಿಗೆ ಬಂದು ಹೇಳುವವರು ಒಬ್ಬರೂ ಇರಲಿಲ್ಲ. ಮಕ್ಕಳಿರಲಿಲ್ಲ. ಸುನಂದಾ ಕೆಲವು ವರ್ಷ ಮುರಗೋಡದಲ್ಲಿ ಅತ್ತೆ ಗೌರವ್ವನ ಜೊತೆಗೇ ಇದ್ದಳು. ಕೊನೆಗೆ ಗೌರವ್ವನೇ, "ಅವನ ದಾರಿ ನೋಡಕೋತ ಇಲ್ಲಿ ಸೊರಗಬ್ಯಾಡ, ನಿನ್ನ ದಾರಿ ನೀ ನೋಡಕೋ" ಎಂದು ತವರಿಗೆ ಕಳಿಸಿದ್ದಳು.

ನನ್ನ ಆಫೀಸಿಗೆ ಬಂದಾಗ ಸುನಂದಾ ಉಳಿದವರಂತೆ ಎಷ್ಟು ದಿನ ಎಂದು ಕೇಳಲಿಲ್ಲ. "ನಮ್ಮ ಓಣಿ ಅಂಗನವಾಡಿ ಟೀಚರ್ ಕೆಲಸಾ ಬಿಡೂದ್ರಾಗ ಆಗತೈತೇನ್ರಿ?" ಎಂದಳು.

ವಿಷಯ ಇಷ್ಟು. ಆ ಟೀಚರಿಗೆ ವಯಸ್ಸಾಗಿತ್ತು, ಎರಡು ಮೂರು ವರ್ಷದಲ್ಲಿ ಬಿಡುವವರಿದ್ದರು. ಆ ಜಾಗಕ್ಕೆ ಅರ್ಜಿ ಕರೆದಾಗ ವಿಚ್ಛೇದನ ಆದವಳಿಗೆ ಆದ್ಯತೆ ಇತ್ತು, ಆದರೆ ಕೋರ್ಟಿನ ಡಿಕ್ರಿ ಬೇಕು. ವಯಸ್ಸಿನ ಮಿತಿಯೂ ಇತ್ತು, ಸುನಂದಾ ಅದರ ಅಂಚಿಗೆ ಬಂದಿದ್ದಳು. ಆ ಒಂದು ಸಲ ತಪ್ಪಿದರೆ ಮತ್ತೆ ಇಲ್ಲ. "ಅಣ್ಣಾರು ಚಲೋ ಅದಾರ್ರಿ. ಆದ್ರ ಅವರ ಮನಿಯಾಗ ಎಷ್ಟು ವರ್ಷ ಅಂತ ಕುಂತು ಉಣ್ಣಲಿ?"

ಗಂಡ ಬಿಟ್ಟುಹೋಗಿದ್ದಾನೆ ಎಂಬ ಕಾರಣದ ಮೇಲೆ ಅರ್ಜಿ ಹಾಕಿದೆ. ಎರಡು ವರ್ಷ ಸತತ ಬಿಟ್ಟಿರಬೇಕು, ಅದಕ್ಕಿಂತ ಹೆಚ್ಚೇ ಆಗಿತ್ತು. ಮಲ್ಲೇಶಿ ಮೊದಲು ನೋಟೀಸು ತಪ್ಪಿಸಿಕೊಂಡ. ಆಮೇಲೆ ಬಂದು, "ನಾನು ಬಿಟ್ಟಿಲ್ಲ, ಆಕೆಯೇ ಬರುತ್ತಿಲ್ಲ" ಎಂದು ತಕರಾರು ಹಾಕಿದ. ನ್ಯಾಯಾಧೀಶರ ವರ್ಗವಾಯಿತು, ಹೊಸಬರು ಬಂದರು. ಅಷ್ಟಾದರೂ ಕೇಸು ಹಳಿಯ ಮೇಲೆಯೇ ಇತ್ತು. ಅಂಥದ್ದರಲ್ಲಿ ಒಂದು ತಾರೀಖಿಗೆ ಸುನಂದಾ ಬರಲೇ ಇಲ್ಲ. ಅವಳ ಅಣ್ಣ ಬಂದಿದ್ದ, ಮುಖ ಇಷ್ಟು ದಪ್ಪ ಮಾಡಿಕೊಂಡು.

"ಆಕಿ ಮುರಗೋಡಕ್ಕ ಹೋಗ್ಯಾಳ್ರಿ. ಅತ್ತೀಗೆ ಲಕ್ವಾ ಹೊಡದೈತಿ."

ಬಿಟ್ಟಿದ್ದಾನೆ ಎಂದು ಕೇಸು ಹಾಕಿದವಳು ಹೋಗಿ ಗಂಡನ ಮನೆಯಲ್ಲೇ ಕೂತರೆ! ಅದೂ ಸಾಲದೆಂಬಂತೆ ಮಲ್ಲೇಶಿ ಪ್ರತಿ ಐತವಾರ ತಾಯಿಯನ್ನು ನೋಡಲು ಅಲ್ಲಿಗೆ ಬರುತ್ತಿದ್ದನಂತೆ. ಮುಂದಿನ ತಾರೀಖಿಗೆ ಅವಳು ಮುರಗೋಡದಿಂದ ನೇರ ಬಂದಳು. ಕೈಗೆಲ್ಲ ಲಕ್ವಾದ ಎಣ್ಣೆಯ ವಾಸನೆ.

"ತಲಿಗಿಲಿ ಕೆಟ್ಟೈತೇನ ನಿನಗ?" ಎಂದು ಕಾರಿಡಾರಿನಲ್ಲೇ ಕೂಗಿದೆ. "ನಾ ಇಲ್ಲಿ ಗಂಟಲಾ ಹರಕೊಂಡು ಅವಾ ಬಿಟ್ಟಾನ ಅಂತ ಹೇಳಾಕ ಹತ್ತೇನಿ, ನೀ ಅಲ್ಲಿ ಹೋಗಿ ಅವನ ಮನೀಗೆ ದೀಪಾ ಹಚ್ಚಾಕ ಹತ್ತೀಯಲ್ಲ!"

ಅವಳು ಸಿಟ್ಟು ಮಾಡಲಿಲ್ಲ. "ಅತ್ತಿ ಬಾಯಾಗ ನೀರು ಹಾಕಾಕ ಒಬ್ಬರಿಲ್ರಿ ಬಾಯಾರ. ಸೋಡಚೀಟಿ ನಾ ಗಂಡಗ ಕೇಳೇನಿ, ಅತ್ತೀಗೆ ಕೇಳಿಲ್ಲ."

ಫೈಲು ಎತ್ತಿಕೊಂಡು ಒಳಗೆ ಹೋದೆ.

ಪಾಟೀ ಸವಾಲಿನ ದಿನ ಎದುರಿನ ವಕೀಲರು ನಗುನಗುತ್ತ ಎದ್ದರು. ಒಳ್ಳೆಯ ಮನುಷ್ಯ, ಆದರೆ ಕೆಲಸದಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆಯುವವರು.

"ನಿಮ್ಮ ಯಜಮಾನ್ರು ಐತವಾರ ಮನೀಗೆ ಬರತಾರೇನವಾ?"

"ಬರತಾರ್ರಿ."

"ಊಟಾ ಯಾರು ನೀಡತಾರ?"

"ನಾನಽ ನೀಡತೇನ್ರಿ. ಮನೀಗೆ ಬಂದವರಿಗೆ ನೀಡಲಾರದ ಹೆಂಗ ಇರೂದ್ರಿ?"

"ಅಂದ್ರ ಸಂಸಾರ ಚಲೋ ನಡದೈತಿ."

"ಅತ್ತಿ ಸೇವಾ ನಡದೈತ್ರಿ. ಅವರು ಪಡಸಾಲಿಯಾಗ ಉಂಡು, ಕಡೀ ಬಸ್ಸಿಗೆ ಹೊಕ್ಕಾರ. ನಾ ಅತ್ತಿ ಕ್ವಾಣ್ಯಾಗ ಇರತೇನಿ."

ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಸಿದ್ದು ಇಷ್ಟೇ: ಪತಿ ಭಾನುವಾರ ಮನೆಗೆ ಬರುತ್ತಾರೆ, ನಾನು ಊಟ ಬಡಿಸುತ್ತೇನೆ. ನಾನು ಎದ್ದು ನಿಂತು, ಕೊನೆಯ ಮಾತನ್ನೂ ಬರೆಸಬೇಕೆಂದು ಕೇಳಿಕೊಂಡೆ, ಬರೆಸಿದರು. ಹುಡುಗರೇ, ಸಾಕ್ಷಿ ಏನು ಹೇಳಿದಳು ಎನ್ನುವುದಕ್ಕಿಂತ ಏನು ಟೈಪಾಯಿತು ಎನ್ನುವುದರ ಮೇಲೆ ಕಿವಿಯಿಡಿ. ಆದರೂ ನನಗೆ ಗೊತ್ತಾಗಿತ್ತು, ಕೇಸು ಸಡಿಲವಾಗಿದೆ. ವಾದ ಮಾಡಬಹುದಿತ್ತು, ಬಹುಶಃ ಗೆಲ್ಲಲೂ ಬಹುದಿತ್ತು. ಆಮೇಲೆ ಮಲ್ಲೇಶಿ ಅಪೀಲು ಹೋದರೆ? ಅಂಗನವಾಡಿಯ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತಿತ್ತು.

ಇಬ್ಬರೂ ಒಪ್ಪಿ ಸಹಿ ಮಾಡಿದರೆ ಸುಲಭ. ಒಂದು ಅರ್ಜಿ, ಆರು ತಿಂಗಳು ಕಾಯುವುದು, ಮತ್ತೊಮ್ಮೆ ಬಂದು ಒಪ್ಪಿಗೆ ಹೇಳುವುದು, ಮುಗಿಯಿತು. ಹೆಂಡತಿ ಬೇಡವಾದ ಮಲ್ಲೇಶಿ ಇದಕ್ಕೆ ಯಾಕೆ ಒಪ್ಪುವುದಿಲ್ಲ ಎನ್ನುವುದೇ ನನ್ನ ತಲೆಗೆ ಹೋಗುತ್ತಿರಲಿಲ್ಲ. ವಕೀಲರ ಕೋಣೆಯಲ್ಲಿ ಶೇಂಗಾ ತಿನ್ನುವಾಗ ಎದುರಿನ ವಕೀಲರನ್ನೇ ಕೇಳಿದೆ. ಅವರು ಆಚೀಚೆ ನೋಡಿ ದನಿ ಇಳಿಸಿದರು.

"ಖರೇ ಹೇಳತೇನ್ರಿ ಬಾಯಾರ, ನನಗೂ ಬ್ಯಾಸರಾಗೈತಿ. ಅವಂಗ ಹೆಂಡ್ತಿ ಬೇಕಾಗಿಲ್ಲ. ಅವ್ವನ್ನ ನೋಡಾಕ ಊರಾಗ ಒಬ್ಬಾಕಿ ಬೇಕು. ಮುದುಕಿ ಇರೂತನಕ ಎಳೀರಿ ಅಂದಾನ."

ಅಂದು ನನಗೆ ಬಂದ ಸಿಟ್ಟು ಈಗ ಬರೆಯುವಾಗಲೂ ಬರುತ್ತಿದೆ. ಅಂದರೆ ಗೌರವ್ವ ಇರುವಷ್ಟು ದಿನ ಈ ಕೇಸು! ಸುನಂದಾಳನ್ನು ಕರೆದು ಎಲ್ಲ ಹೇಳಿದೆ. ನೀನು ಮುರಗೋಡ ಬಿಟ್ಟರೆ ಅವನು ನಾಳೆಯೇ ಸಹಿಗೆ ಬರುತ್ತಾನೆ, ಬಿಡು ಎಂದೆ.

"ಬಿಟ್ರ ಅತ್ತೀನ್ನ ಯಾರು ನೋಡತಾರ್ರಿ?"

"ಬಿಡದಿದ್ರ ನಿನ್ನ ನೌಕರಿ ಹೊಕ್ಕೈತಿ."

"ಹಂಗಾರ ಅತ್ತಿ ಲಗೂ ಸಾಯಲಿ ಅಂತ ನಾ ದೇವರಿಗೆ ಬೇಡಕೋಬೇಕೇನ್ರಿ?" ಎಂದವಳೇ ಅತ್ತುಬಿಟ್ಟಳು. ಕೇಸು ಶುರುವಾದಾಗಿನಿಂದ ಅವಳು ಅತ್ತದ್ದು ಅದೇ ಮೊದಲು.

ಕೆಲವು ದಿನಗಳ ಮೇಲೆ ಬೇರೊಂದು ಕೆಲಸಕ್ಕೆ ಮುರಗೋಡಕ್ಕೆ ಹೋದಾಗ ಅವರ ಮನೆಗೆ ಕಾಲಿಟ್ಟೆ. ಸುನಂದಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಗೌರವ್ವ ಹೊರಸಿನ ಮೇಲೆ ಒರಗಿದ್ದಳು. ಹಣೆಯ ತುಂಬ ವಿಭೂತಿ, ಬಾಯಿ ಒಂದು ಕಡೆ ಎಳೆದಿತ್ತು, ಕಣ್ಣು ಮಾತ್ರ ಚುರುಕು.

"ಕೇಸ್ ಯಾಕ ಮುಗೀವಲ್ದು?" ಎಂದು ತೊದಲುತ್ತಲೇ ಕೇಳಿದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಂದ್ರ ನಾ ಸತ್ರ ಮುಗಿತೈತಿ ಅನ್ರಿ."

"ಹಂಗಲ್ರಿ ಗೌರವ್ವ..."

"ಹಂಗಽ ಐತಿ ಬಿಡ್ರಿ. ಆದ್ರ ನನಗ ಇನ್ನೂ ಸಾಯೂ ಮನಸಿಲ್ಲ." ಎಳೆದ ಬಾಯಲ್ಲೇ ನಕ್ಕಳು. ಇವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ.

ಮರುವಾರ ಸುದ್ದಿ ಬಂತು. ಗೌರವ್ವ ಓಣಿಯ ಗಂಡಸರಿಂದ ತನ್ನನ್ನು ಎತ್ತಿಸಿಕೊಂಡು, ಕಾಯಿಪಲ್ಲೆಯ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು, ಸುನಂದಾಳನ್ನೂ ಹತ್ತಿಸಿಕೊಂಡು ನೇಸರಗಿಗೆ ಹೋಗಿದ್ದಾಳೆ. ಸೊಸೆಯ ತವರು ಮನೆಗೆ!

ಬೇರೆ ಕಡೆಯ ಓದುಗರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ಗಂಡಿನ ತಾಯಿ ಬೀಗರ ಮನೆಗೆ ಹಬ್ಬಕ್ಕೋ ಮದುವೆಗೋ ಹೋದರೆ ಆದರದ ಊಟ ಉಂಡು, ಕುಬಸದ ಕಣ, ಅಂದರೆ ರವಿಕೆ ಬಟ್ಟೆ, ಉಡಿಯಲ್ಲಿ ಹಾಕಿಸಿಕೊಂಡು ಅಂದೇ ಹೊರಟುಬಿಡುತ್ತಾಳೆ. ಹಾಸಿಗೆ ಸಮೇತ ಹೋಗಿ ಅಲ್ಲಿ ಬೀಳುವುದೆಂದರೆ ಮಗನ ಮುಖಕ್ಕೆ ಊರ ಮುಂದೆ ಮಸಿ ಬಳಿದ ಹಾಗೆ. "ಮಗಾ ಇದ್ದೂ ಮುದುಕಿ ಬೀಗರ ಮನಿ ಸೇರ್ಯಾಳ" ಎಂಬ ಮಾತು ಬೆಳಗಾವಿಯ ಅಂಗಡಿಯವರೆಗೆ ಹೋಯಿತು. ಮೋಟಾರು ತರುವ ಗಿರಾಕಿಗಳೇ ಮಲ್ಲೇಶಿಯನ್ನು ಕೇಳತೊಡಗಿದರು.

ಅವನು ಇಬ್ಬರು ಹಿರಿಯರನ್ನು ಕರೆದುಕೊಂಡು ನೇಸರಗಿಗೆ ಓಡಿಬಂದ. ಗೌರವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳಂತೆ.

"ನಡಿಯವಾ, ಮಾನಾ ಕಳೀಬ್ಯಾಡ."

"ಬರತೇನಿ. ಮೊದಲ ಕೋರ್ಟಿನ್ಯಾಗ ಒಪ್ಪಿ ಸಹಿ ಮಾಡು. ಆಮ್ಯಾಲೆ ನಿನ್ನ ಮನೀಗೆ ನಾನಽ ಬರತೇನಿ."

ಮುಂದಿನ ತಾರೀಖಿಗೆ ಎದುರಿನ ವಕೀಲರು ನನ್ನನ್ನು ಹುಡುಕಿಕೊಂಡು ಬಂದರು, ಮಲ್ಲೇಶಿ ಒಪ್ಪಿದ್ದ. ಒಂದು ವರ್ಷ ಬೇರೆ ಇದ್ದಿರಬೇಕೆಂಬ ನಿಯಮ ತೊಡಕಾಗಲಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಇರದಿದ್ದರೆ ಅದು ಬೇರೆ ಇದ್ದಂತೆಯೇ, ಹಾಗೆಂದು ಇಬ್ಬರೂ ಒಪ್ಪಿ ಹೇಳಿದರು. ಒಪ್ಪಿಗೆಯ ಅರ್ಜಿಗೆ ಸಹಿ ಬಿತ್ತು. ಆರು ತಿಂಗಳ ಮೇಲೆ ಮತ್ತೊಮ್ಮೆ ಬಂದು ಹೇಳಬೇಕೆಂದು ನ್ಯಾಯಾಧೀಶರು ತಿಳಿಸಿದರು. ಮಲ್ಲೇಶಿ ಹೊರಗೆ ಬಂದವನೇ ವರಾಂಡದ ಬೆಂಚಿನ ಮೇಲೆ ಕೂತಿದ್ದ ತಾಯಿಗೆ, "ಸಹಿ ಆತು, ನಡಿ ಇನ್ನ" ಎಂದ.

"ಸಾಹೇಬ್ರು ಇನ್ನೊಂದು ಸಲ ಬರಬೇಕು ಅಂದ್ರಲ್ಲ. ಅದೂ ಆಗಲಿ."

ಅವನು ಹಲ್ಲು ಕಡಿದ, ಅಷ್ಟೇ. ಒಪ್ಪಿ ಅರ್ಜಿ ಹಾಕಿದವರು ನಡುವೆ ಮನಸ್ಸು ಬದಲಿಸಬಹುದೆಂದು ಮುದುಕಿಗೆ ಯಾರೂ ಹೇಳಿರಲಿಲ್ಲ, ಆದರೆ ಹೆತ್ತ ಮಗನ ಗುಣ ಅವಳಿಗೆ ಗೊತ್ತಿತ್ತು.

ಆ ಆರು ತಿಂಗಳು ಗೌರವ್ವ ಬೀಗರ ಮನೆಯಲ್ಲೇ ಕೂತಳು. ಸುನಂದಾಳ ಅತ್ತಿಗೆಯರು ಮೊದಲು ಪಾತ್ರೆ ಕುಕ್ಕಿದರು. ಗೌರವ್ವ ಅದನ್ನು ಕೇಳಿಸಿಕೊಂಡೂ ಕೇಳದವಳಂತೆ, ನೆಟ್ಟಗಿದ್ದ ಒಂದು ಕೈಯಲ್ಲೇ ಶೇಂಗಾ ಸುಲಿದುಕೊಡುತ್ತಿದ್ದಳು. ಸುನಂದಾ ದಿನಾ ಎಣ್ಣೆ ತಿಕ್ಕಿದಳು, ಗೋಡೆ ಹಿಡಿಸಿ ನಡೆಸಿದಳು. ಚಳಿ ಮುಗಿಯುವಷ್ಟರಲ್ಲಿ ಮುದುಕಿ ಬಡಿಗೆ ಊರಿಕೊಂಡು ಬಾಗಿಲವರೆಗೆ ಬರತೊಡಗಿದಳು. ಅಷ್ಟರಲ್ಲಿ ಅಂಗನವಾಡಿಯ ಟೀಚರ್ ಕೆಲಸ ಬಿಟ್ಟರು. ಅರ್ಜಿ ಕರೆದರು. ಕೊನೆಯ ದಿನ ನಮ್ಮ ತಾರೀಖಿನ ಮುಂದಿನ ವಾರವಿತ್ತು. ತಾರೀಖು ತಪ್ಪಿದರೆ ಬೇಸಿಗೆ ರಜೆ, ರಜೆ ಮುಗಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತಿತ್ತು.

ಆ ದಿನ ಬೆಳಿಗ್ಗೆ ಕೇಸು ಕೂಗಿದರು. ಮಲ್ಲೇಶಿ ಇಲ್ಲ! ಎದುರಿನ ವಕೀಲರು ಕೈ ಚೆಲ್ಲಿದರು. ಮಧ್ಯಾಹ್ನ ಮತ್ತೊಮ್ಮೆ ಕರೆಯಬೇಕೆಂದು ಬೇಡಿಕೊಂಡು ಹೊರಗೆ ಬಂದೆ. ಸುನಂದಾ ಬಿಳಿಚಿಕೊಂಡು ಕಂಬ ಹಿಡಿದು ನಿಂತಿದ್ದಳು. ಗೌರವ್ವ ಮಾತ್ರ ಬೆಂಚಿನ ಮೇಲೆ ಆರಾಮಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಗಂಟು.

"ಬರತಾನ ಬಿಡ್ರಿ. ಗಂಟು ಕಟಗೊಂಡು ಬಂದೇನಿ, ಅವಂಗ ನೀ ಬರಲಿಲ್ಲಂದ್ರ ಈ ಗಂಟು ಜನ್ಮಾ ಪೂರ್ತಿ ಬೀಗರ ಮನಿಯಾಗ ಇರತೈತಿ ಅಂತ ಫೋನಿನ್ಯಾಗ ಹೇಳಸೇನಿ."

ಊಟದ ಹೊತ್ತು ಮುಗಿಯುವಾಗ ಒಂದು ಬಾಡಿಗೆ ಜೀಪು ಬಂತು. ಮಲ್ಲೇಶಿ ಬೆವರು ಒರೆಸಿಕೊಳ್ಳುತ್ತ ಇಳಿದ. ಒಳಗೆ ನ್ಯಾಯಾಧೀಶರು ಸುನಂದಾಳನ್ನು ಕೇಳಿದರು: "ಈ ಆರು ತಿಂಗಳಲ್ಲಿ ಗಂಡನ ಜೊತೆ ಇದ್ದಿರಾ?"

"ಇಲ್ರಿ ಸಾಹೇಬ್ರ. ಅತ್ತಿ ಕೂಡ ಇದ್ದೆ."

ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "'ಇಲ್ಲ' ಅಂತ ಬರಿ" ಎಂದು ಬರೆಸಿದರು. ಅಷ್ಟು ವರ್ಷ ಎಳೆದ ಕೇಸು ಒಂದು ಕಪ್ ಚಹಾ ಆರುವಷ್ಟರಲ್ಲಿ ಮುಗಿಯಿತು. ಅಂದೇ ಡಿಕ್ರಿಯ ನಕಲಿಗೆ ಅರ್ಜಿ ಹಾಕಿ, ಬೆನ್ನು ಹತ್ತಿ, ಕೊನೆಯ ದಿನದೊಳಗೆ ಅವಳ ಕೈಗೆ ಕೊಟ್ಟೆ. ಇದನ್ನು ಮಾತ್ರ ಮರೆಯಬೇಡಿ. ಆದೇಶ ಆಯಿತೆಂದು ಪೇಢೆ ಹಂಚಿ, ನಕಲು ಕೇಳಲು ಮರೆತು, ಕೈಗೆ ಬಂದದ್ದನ್ನು ಕಳೆದುಕೊಂಡವರಿದ್ದಾರೆ.

ಗೌರವ್ವ ಕೊಟ್ಟ ಮಾತಿನಂತೆ ಜೀಪು ಹತ್ತಿದಳು. ಹತ್ತುವಾಗ ಸುನಂದಾಳ ಹೆಗಲನ್ನೇ ಹಿಡಿದಿದ್ದಳು. ಜೀಪು ಹೋದ ಮೇಲೆ ಸುನಂದಾ ಸೆರಗು ಬಾಯಿಗೆ ಒತ್ತಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ಕುಸಿದಳು. ನನಗೂ ತಡೆಯಲಾಗಲಿಲ್ಲ, ಕರಿ ಕೋಟಿನಲ್ಲೇ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಗೆದ್ದ ಕೇಸಿಗೆ ವಕೀಲರೂ ಅಳುತ್ತಾರೆಯೇ ಎಂದು ಹೋಗಿ ಬರುವವರೆಲ್ಲ ನೋಡಿದರು. ನೋಡಲಿ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನೇಸರಗಿಗೆ ಹೋಗುವ ಕೆಲಸ ಬಿತ್ತು. ಸುನಂದಾಗೆ ನೌಕರಿ ಸಿಕ್ಕಿದೆಯೆಂದು ಕೇಳಿದ್ದೆ, ನೋಡಿ ಬರೋಣವೆಂದು ಅಂಗನವಾಡಿಯತ್ತ ನಡೆದೆ. ಒಳಗೆ ಹುಡುಗರ ಗದ್ದಲ. ಹೊಸ್ತಿಲಿಗೆ ಅಡ್ಡವಾಗಿ ಬಡಿಗೆ ಇಟ್ಟುಕೊಂಡು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕೂತವಳು ಗೌರವ್ವ!

"ಏನ್ರಿ ಇದು? ಮಗನ ಮನೀಗೆ ಹೊಕ್ಕೇನಿ ಅಂತ ಹಿರಿಯರ ಮುಂದ ಮಾತು ಕೊಟ್ಟಿದ್ರಿ?"

"ಹೋಗಿದ್ದೆನಲ್ರಿ," ಎಂದಳು ಮುದುಕಿ, ನಾನೇ ಏನೋ ತಪ್ಪು ಕೇಳಿದೆನೆಂಬಂತೆ. "ಬರತೇನಿ ಅಂದಿದ್ದೆ, ಹೋದೆ. ಇರತೇನಿ ಅಂತ ಯಾವಾಗ ಅಂದಿದ್ದೆ?"

ಅಷ್ಟರಲ್ಲಿ ಒಳಗಿನಿಂದ ಸುನಂದಾ ಕೂಗಿದಳು. "ಅತ್ತೀ, ಬಾಗಲಾ ಮುಂದ ಎಳೀರಿ, ಹುಡುಗೂರು ಹೊರಗ ಓಡತಾವ."